ಬಣ್ಣದ ತೆರೆಗೆ ತೆತ್ತ ಬೆಲೆ

ನಡುಹಗಲ ಬಿಸಿಲಿನಲ್ಲಿ ಮೊಬೈಲ್ ಫೋನನ್ನು ನೋಡಬೇಕಾದವರು ಅದರ ಮೇಲೆ ಅಂಗೈಯನ್ನು ಕೊಡೆಯಂತೆ ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಬಿಸಿಲಿನಲ್ಲಿ ಅಂಕಿ ತೋರಿಸುವ ಕೈಗಡಿಯಾರವನ್ನಾಗಲಿ, ಅಂಗಡಿಯ ಮೇಜಿನ ಮೇಲಿರುವ ಕ್ಯಾಲ್ಕುಲೇಟರನ್ನಾಗಲಿ ಓದಲು ಇಂತಹ ಮರೆ ಬೇಕಾಗುವುದಿಲ್ಲ. ಬಿಸಿಲು ಏರಿದಂತೆಲ್ಲ ಅವುಗಳ ಅಂಕಿಗಳು ಮತ್ತಷ್ಟು ಸ್ಪಷ್ಟವಾಗುತ್ತವೆ. ಅಗ್ಗದ ಕ್ಯಾಲ್ಕುಲೇಟರಿಗೆ ಸುಲಭವಾದ ಕೆಲಸ ಬೆಲೆಬಾಳುವ ಫೋನಿಗೆ ಕಷ್ಟವಾಗುವುದೇಕೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಇಂದಿನ ಫೋನಿಗಿಂತ ಅದರ ಹಿರಿಯನೊಬ್ಬನನ್ನು ಪರೀಕ್ಷಿಸುವುದು ಮೇಲು. ಹೊಸ ಯಂತ್ರಗಳಲ್ಲಿ ದೋಷಗಳು ಬಹುಮಟ್ಟಿಗೆ ಮರೆಯಾಗಿರುತ್ತವೆ. ಹಳೆಯ ಯಂತ್ರಗಳಲ್ಲಿ ಗುಣವೂ ದೋಷವೂ ಬರಿಗಣ್ಣಿಗೇ ಕಾಣುತ್ತವೆ. ಆದುದರಿಂದ ನಾವು ಇಲ್ಲಿ ಬಣ್ಣದ ತೆರೆಯನ್ನು ಹೊತ್ತು ಬಂದ ಮೊದಮೊದಲಿನ ಮೊಬೈಲ್ ಫೋನುಗಳಲ್ಲೊಂದನ್ನು ಆರಿಸಿಕೊಂಡು, ಅದರ ಗುಣದೋಷಗಳನ್ನು ವಿಚಾರಿಸೋಣ. ಅದು ಸ್ವೀಡನ್ ದೇಶದ ಎರಿಕ್ಸನ್ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಟಿ68 ಎಂಬ ಫೋನು.

ಬೂದು ತೆರೆಯಿಂದ ಬಣ್ಣದ ತೆರೆಗೆ

ಮೊದಲಿನ ಮೊಬೈಲ್ ಫೋನುಗಳಿಗೆ ತೆರೆಯೆಂಬುದು ಒಂದು ಉಪಾಂಗ ಮಾತ್ರವಾಗಿತ್ತು. ಕರೆಯ ಸಂಖ್ಯೆ, ಕರೆದವರ ಹೆಸರು, ಒಂದೆರಡು ಸಾಲಿನ ಸಂದೇಶ, ಇಷ್ಟನ್ನು ತೋರಿಸಿದರೆ ಅದರ ಕರ್ತವ್ಯ ಮುಗಿಯಿತು. ಹಸುರು ಛಾಯೆಯ ಬೂದು ಹಿನ್ನೆಲೆಯ ಮೇಲೆ ಕಪ್ಪು ಚುಕ್ಕೆಗಳು ಈ ಕೆಲಸಕ್ಕೆ ಸಾಕಾಗಿದ್ದುವು. 1998ರ ಹೊತ್ತಿಗೆ ಜರ್ಮನಿಯ ಸೀಮನ್ಸ್ ಸಂಸ್ಥೆಯ ಎಸ್10 ಎಂಬ ಫೋನು ನಾಲ್ಕೇ ನಾಲ್ಕು ಬಣ್ಣಗಳ ತೆರೆಯೊಡನೆ ಬಂದಿತು. ಜಪಾನಿನಲ್ಲಿ 1999ರ ಕೊನೆಯ ವೇಳೆಗೆ 256 ಬಣ್ಣಗಳ ತೆರೆಗಳು ಕಾಣಿಸಿಕೊಂಡುವು. 2000ದ ನವೆಂಬರಿನಲ್ಲಿ ಅಲ್ಲಿಯ ಶಾರ್ಪ್ ಸಂಸ್ಥೆ ಬಣ್ಣದ ತೆರೆಯ ಜೊತೆಗೆ ಕ್ಯಾಮೆರಾವನ್ನೂ ಕೂಡಿಸಿದ ಫೋನನ್ನು ಮಾರುಕಟ್ಟೆಗೆ ತಂದಿತು. ಯೂರೋಪಿನಲ್ಲಿ ಬಣ್ಣದ ತೆರೆಯನ್ನು ಜನರ ಅಂಗೈಗೆ ತಂದ ಮೊದಲಿಗರಲ್ಲಿ ಟಿ68 ಒಂದು. ಅದೇ ವರ್ಷ ಎರಿಕ್ಸನ್ ತನ್ನ ಫೋನುಗಳ ವ್ಯವಹಾರವನ್ನು ಜಪಾನಿನ ಸೋನಿಯೊಡನೆ ಕೂಡಿಸಿದ್ದರಿಂದ, 2002ರಲ್ಲಿ ಇದರ ತಿದ್ದಿದ ಆವೃತ್ತಿ ಟಿ68ಐ ಎಂಬ ಹೆಸರಿನಲ್ಲಿ ಸೋನಿ ಎರಿಕ್ಸನ್ ಮುದ್ರೆಯನ್ನು ಹೊತ್ತು ಬಂದಿತು.

ಫೋನಿನ ಒಟ್ಟು ತೂಕ 84 ಗ್ರಾಂ. ಉದ್ದ ಸುಮಾರು 10 ಸೆಂಟಿಮೀಟರ್, ಅಗಲ 5 ಸೆಂಟಿಮೀಟರಿಗೂ ಕಡಿಮೆ. ಇದರ ತೆರೆಯಲ್ಲಿ ಅಡ್ಡಲಾಗಿ 101, ಲಂಬವಾಗಿ 80 ಚಿತ್ರಬಿಂದುಗಳು; ಒಟ್ಟು 8,080. ತೋರಿಸಬಹುದಾದ ಬಣ್ಣಗಳು 256. ಇಂದಿನ ಫೋನುಗಳ ತೆರೆಗಳಲ್ಲಿ ಚಿತ್ರಬಿಂದುಗಳನ್ನು ಲಕ್ಷಗಳಲ್ಲಿ ಎಣಿಸುವ ನಮಗೆ ಇದು ಅತ್ಯಲ್ಪವೆಂದು ತೋರಬಹುದು. ಆದರೆ ಈ ಅಲ್ಪವನ್ನು ಸಾಧಿಸುವುದಕ್ಕೇ ಎಷ್ಟು ಶ್ರಮ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ ತೆರೆಯ ಒಳಗನ್ನು ಹೊಕ್ಕು ನೋಡಬೇಕು.

ದ್ರವವೂ ಹೌದು, ಸ್ಫಟಿಕವೂ ಹೌದು

1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಗಜ್ಜರಿಯಿಂದ ಪಡೆದ ಕೊಲೆಸ್ಟರಾಲಿನ ಸಂಯುಕ್ತವೊಂದನ್ನು ಕಾಯಿಸುತ್ತಿದ್ದನು. ಆ ವಸ್ತು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಮಬ್ಬು ಕಳೆದು ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳಿರುವುದು ವಿಚಿತ್ರವಲ್ಲವೇ? ಜರ್ಮನಿಯ ಭೌತವಿಜ್ಞಾನಿ ಆಟೋ ಲೆಹ್ಮಾನ್ ಇದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನಡುವಣ ಮಬ್ಬು ದ್ರವ ನೀರಿನಂತೆ ಹರಿದರೂ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ವರ್ತಿಸುವುದೆಂದು ಕಂಡನು. ಇದೇ ದ್ರವಸ್ಫಟಿಕ. ಇದರ ಅಣುಗಳು ಉದ್ದನೆಯ ಕಡ್ಡಿಗಳಂತಿದ್ದು, ಹೊಳೆಯಲ್ಲಿ ತೇಲಿ ಬರುವ ಮರದ ದಿಮ್ಮಿಗಳಂತೆ ಹರಿಯುತ್ತಿದ್ದರೂ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ.

ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಇದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. 1970–71ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಮಾರ್ಟಿನ್ ಷಾಟ್ ಮತ್ತು ವುಲ್ಫ್‌ಗಾಂಗ್ ಹೆಲ್ಫ್ರಿಷ್ ಇದಕ್ಕೊಂದು ಉದ್ಯೋಗವನ್ನು ಕಲ್ಪಿಸಿದರು. ಎರಡು ಗಾಜಿನ ಹಲಗೆಗಳ ನಡುವೆ ದ್ರವಸ್ಫಟಿಕದ ತೆಳುಪದರವನ್ನಿಟ್ಟು, ಕೆಳಗಿನಿಂದ ಮೇಲಕ್ಕೆ ಹೋದಂತೆ ಅಣುಗಳು ಸುರುಳಿ ಮೆಟ್ಟಿಲಿನಂತೆ ಕಾಲುಸುತ್ತು ತಿರುಗುವಂತೆ ಮಾಡಿದರು. ಹಲಗೆಗಳ ಹೊರಬದಿಗಳಿಗೆ ಧ್ರುವಕ ಹಾಳೆಗಳನ್ನು ಅಂಟಿಸಿದರು. ಧ್ರುವಕವೆಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಹಾಳೆ. ಕಿಟಕಿಯ ನೇರ ಸರಳುಗಳ ನಡುವೆ ಊಟದ ತಟ್ಟೆಯನ್ನು ನೆಟ್ಟಗೆ ಹಿಡಿದರೆ ಹೊರದಾಟಿಸಬಹುದು. ಅಡ್ಡ ಹಿಡಿದರೆ ಆಗದು. ಇದೂ ಹಾಗೆಯೇ. ಎರಡನೆಯ ಧ್ರುವಕ ಮೊದಲನೆಯದಕ್ಕೆ ಅಡ್ಡಲಾಗಿದ್ದರೂ, ನಡುವಣ ಸುರುಳಿ ಬೆಳಕಿನ ಕಂಪನವನ್ನು ಕಾಲುಸುತ್ತು ತಿರುಗಿಸಿಕೊಡುವುದರಿಂದ ಬೆಳಕು ಹೊರಬರುತ್ತದೆ. ಹಲಗೆಗಳ ನಡುವೆ ಕೆಲವು ವೋಲ್ಟುಗಳ ವಿದ್ಯುತ್ತನ್ನು ಕೊಟ್ಟರೆ ಕಡ್ಡಿಗಳು ಎದ್ದು ನಿಂತು ಸುರುಳಿ ಬಿಚ್ಚಿಹೋಗುತ್ತದೆ. ಬೆಳಕಿನ ದಾರಿ ಮುಚ್ಚುತ್ತದೆ. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾರ್ಜ್ ಗ್ರೇ ಮತ್ತು ಸಂಗಡಿಗರು ಸಾಮಾನ್ಯ ಉಷ್ಣತೆಯಲ್ಲಿಯೇ ದ್ರವಸ್ಫಟಿಕವಾಗಿ ಉಳಿಯುವ ಬಾಳಿಕೆಯ ವಸ್ತುಗಳನ್ನು ತಯಾರಿಸಿದ ಮೇಲೆ ಗಡಿಯಾರಗಳೂ ಕ್ಯಾಲ್ಕುಲೇಟರುಗಳೂ ಈ ತೆರೆಗಳನ್ನು ಧರಿಸಿದುವು.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ದ್ರವಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಅದು ದೀಪವಲ್ಲ, ದೀಪದ ಮುಂದಿನ ಬಾಗಿಲು. ಬಾಗಿಲನ್ನು ತೆರೆಯಲು ಮುಚ್ಚಲು ಬೇಕಾದ ಶಕ್ತಿ ಅತಿ ಸ್ವಲ್ಪ. ಬೆಳಕು ಮಾತ್ರ ಹೊರಗಿನಿಂದ ಬರಬೇಕು.

ಬೆಳಕಿನ ಆಯವ್ಯಯ

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ಕ್ಯಾಲ್ಕುಲೇಟರಿನ ತೆರೆಯ ಹಿಂದೆ ದೀಪವಿಲ್ಲ, ಹೊಳಪಿನ ಹಾಳೆಯೊಂದಿದೆ. ಬಿಸಿಲು ತೆರೆಯನ್ನು ಹೊಕ್ಕು, ಈ ಹಾಳೆಗೆ ತಾಗಿ, ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಬಿಸಿಲು ಹೆಚ್ಚಿದಷ್ಟೂ ಹಿಂದಿರುಗುವ ಬೆಳಕೂ ಹೆಚ್ಚು. ಆದುದರಿಂದಲೇ ಅದು ಬಿಸಿಲಿಗೆ ಹೆದರುವುದಿಲ್ಲ.

ಬಣ್ಣ ಬೇಕೆಂದೊಡನೆ ಈ ಸುಖ ಹೋಗುತ್ತದೆ. ಬಣ್ಣದ ತೆರೆಯಲ್ಲಿ ಪ್ರತಿಯೊಂದು ಚಿತ್ರಬಿಂದುವನ್ನೂ ಮೂರು ಪಾಲಾಗಿ ಸೀಳಿ, ಒಂದರ ಮೇಲೆ ಕೆಂಪು, ಇನ್ನೊಂದರ ಮೇಲೆ ಹಸುರು, ಮತ್ತೊಂದರ ಮೇಲೆ ನೀಲಿ ಶೋಧಕವನ್ನು ಹಚ್ಚುತ್ತಾರೆ. ದೂರದಿಂದ ನೋಡುವ ಕಣ್ಣು ಮೂರನ್ನೂ ಬೆರೆಸಿ ಒಂದೇ ಬಣ್ಣವೆಂದು ಗ್ರಹಿಸುತ್ತದೆ. ಶೋಧಕವೇನೂ ಬಣ್ಣವನ್ನು ಸೃಷ್ಟಿಸುವುದಿಲ್ಲ. ಅದು ಬಿಳಿಯ ಬೆಳಕಿನಲ್ಲಿರುವ ಉಳಿದ ಬಣ್ಣಗಳನ್ನು ನುಂಗಿ ಒಂದನ್ನು ಮಾತ್ರ ಬಿಡುತ್ತದೆ. ಎಂದರೆ ಬಣ್ಣವೆಂಬುದು ಇಲ್ಲಿ ಬೆಳಕಿಗೆ ಕೂಡಿಸಿದ್ದಲ್ಲ, ಬೆಳಕಿನಿಂದ ಕಳೆದದ್ದು.

ಲೆಕ್ಕ ಹಾಕಿ ನೋಡೋಣ. ನೂರು ಪಾಲು ಬೆಳಕು ಹೊರಟಿತೆಂದು ಭಾವಿಸೋಣ. ಮೊದಲ ಧ್ರುವಕ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಉಳಿದದ್ದು ಸುಮಾರು 43. ಬಣ್ಣದ ಶೋಧಕ ಅದರಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಬಿಟ್ಟರೆ ಸುಮಾರು 14. ಪಾರದರ್ಶಕ ವಿದ್ಯುದ್ವಾರಗಳು, ಬಿಂದುಗಳ ನಡುವಣ ಗೆರೆಗಳು, ಎರಡನೆಯ ಧ್ರುವಕ, ಇವುಗಳ ಸುಂಕವನ್ನೂ ತೆತ್ತ ಮೇಲೆ ಕಣ್ಣಿಗೆ ತಲಪುವುದು ಹತ್ತು ಪಾಲಿಗಿಂತ ಕಡಿಮೆ. ಹಿಂದಿನ ಹಾಳೆಯಿಂದ ಪ್ರತಿಫಲಿಸಿ ಬರುವ ಬೆಳಕಂತೂ ಶೋಧಕವನ್ನು ಎರಡು ಬಾರಿ ದಾಟಬೇಕು. ಹೀಗಾಗಿ ಬಣ್ಣದ ತೆರೆಗೆ ಬೆನ್ನಹಿಂದೆ ದೀಪವೊಂದು ಬೇಕೇಬೇಕಾಯಿತು. ಆ ಕಾಲದ ಅನೇಕ ತೆರೆಗಳು ಅರ್ಧ ಕನ್ನಡಿ, ಅರ್ಧ ಕಿಟಕಿಯಾಗಿದ್ದುವು: ಹಗಲಿನಲ್ಲಿ ಹೊರಗಿನ ಬೆಳಕನ್ನು ಹಿಂದಿರುಗಿಸುವುದು, ಇರುಳಿನಲ್ಲಿ ಹಿಂದಿನ ದೀಪವನ್ನು ತೋರಿಸುವುದು. ಬೆಳಕನ್ನು ಉಳಿಸಲು ಶೋಧಕಗಳ ಬಣ್ಣವನ್ನೇ ತೆಳುಮಾಡುತ್ತಿದ್ದರು. ಆ ಫೋನುಗಳ ಚಿತ್ರಗಳು ಹಲವು ಬಾರಿ ಒಗೆದ ಬಟ್ಟೆಯಂತೆ ಮಾಸಲಾಗಿ ಕಾಣುತ್ತಿದ್ದುದಕ್ಕೆ ಇದೊಂದು ಕಾರಣ. ಗಾಢ ಬಣ್ಣ ಬೇಕೆಂದರೆ ಬೆಳಕು ಹೋಗುವುದು. ಬೆಳಕು ಬೇಕೆಂದರೆ ಬಣ್ಣ ಹೋಗುವುದು.

ದೀಪಕ್ಕೆ ಶಕ್ತಿ ಬೇಕು. ಟಿ68ರ ಬ್ಯಾಟರಿ 700 ಮಿಲಿಆಂಪಿಯರ್-ಗಂಟೆಯದು. ಒಂದು ಚಿಕ್ಕ ಬಿಳಿಯ ಎಲ್‌ಇಡಿ ದೀಪಕ್ಕೆ ಸಾಮಾನ್ಯವಾಗಿ 20 ಮಿಲಿಆಂಪಿಯರ್ ವಿದ್ಯುತ್ತು ಬೇಕು. ಇಂತಹ ಮೂರು ದೀಪಗಳನ್ನು ಒಂದೇ ಸಮನೆ ಉರಿಸಿದರೆ, ಮಾತನಾಡುವುದಿರಲಿ, ಗೋಪುರದೊಡನೆ ಸಂಪರ್ಕವನ್ನಿಟ್ಟುಕೊಳ್ಳುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆಯೇ, ಇಂತಹ ಬ್ಯಾಟರಿ ಹನ್ನೆರಡು ಗಂಟೆಗಳೊಳಗೆ ಬರಿದಾಗುತ್ತದೆ. ಆದುದರಿಂದ ಕೆಲವು ಕ್ಷಣಗಳಾದೊಡನೆ ದೀಪ ಆರುವಂತೆ ಮಾಡಲೇಬೇಕಾಯಿತು. ಇದನ್ನು ತಯಾರಕರ ಜಿಪುಣತನವೆಂದು ಭಾವಿಸುವುದು ತಪ್ಪು. ಅದು ಭೌತವಿಜ್ಞಾನದ ಲೆಕ್ಕಾಚಾರ.

ಪಂಕ್ತಿಯ ಊಟ

ಬೆಳಕಿನ ಮಾತು ಇಷ್ಟಾಯಿತು. ಇನ್ನು ಬಿಂದುಗಳನ್ನು ನಡೆಸುವ ಕಷ್ಟವನ್ನು ನೋಡೋಣ. 8,080 ಚಿತ್ರಬಿಂದುಗಳನ್ನು ಮೂರು ಪಾಲು ಮಾಡಿದರೆ 24,240 ಬಾಗಿಲುಗಳಾದುವು. ಪ್ರತಿಯೊಂದಕ್ಕೂ ಪ್ರತ್ಯೇಕವಾದ ತಂತಿಯನ್ನೆಳೆಯುವುದು ಅಂಗೈಯಗಲದ ಯಂತ್ರದಲ್ಲಿ ಅಸಾಧ್ಯ. ಅದಕ್ಕಾಗಿ ಒಂದು ಗಾಜಿನ ಮೇಲೆ 80 ಅಡ್ಡಗೆರೆಗಳನ್ನೂ, ಎದುರು ಗಾಜಿನ ಮೇಲೆ 303 ಉದ್ದಗೆರೆಗಳನ್ನೂ ಪಾರದರ್ಶಕ ವಾಹಕದಿಂದ ಬರೆಯುತ್ತಾರೆ. ಒಟ್ಟು 383 ತಂತಿಗಳು ಸಾಕು. ಅಡ್ಡಗೆರೆಯೂ ಉದ್ದಗೆರೆಯೂ ಸಂಧಿಸುವ ಪ್ರತಿಯೊಂದು ಸ್ಥಳವೂ ಒಂದು ಬಾಗಿಲು. ಅಡ್ಡಗೆರೆಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ಕರೆದು, ಆ ಸಾಲಿನಲ್ಲಿ ಯಾವ ಯಾವ ಬಾಗಿಲು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ಉದ್ದಗೆರೆಗಳ ಮೂಲಕ ತಿಳಿಸುತ್ತಾರೆ. ಇದಕ್ಕೆ ನಿಷ್ಕ್ರಿಯ ಜಾಲ ಪದ್ಧತಿಯೆಂದು ಹೆಸರು.

ಮದುವೆಯ ಮನೆಯ ಪಂಕ್ತಿಯನ್ನು ನೆನೆಯಿರಿ. ಎಂಬತ್ತು ಸಾಲುಗಳಿಗೆ ಬಡಿಸುವವರದು ಒಂದೇ ತಂಡ. ಒಂದು ಸಾಲಿಗೆ ಸಾರನ್ನು ಬಡಿಸಿದರೆ, ಉಳಿದ 79 ಸಾಲುಗಳನ್ನು ಸುತ್ತಿ ಬರುವ ತನಕ ಆ ಸಾಲಿನವರು ಕಾಯಬೇಕು. ತೆರೆಯನ್ನು ಸೆಕೆಂಡಿಗೆ 70 ಬಾರಿ ಸುತ್ತಿದರೆ ಒಂದೊಂದು ಸಾಲಿಗೆ ದೊರೆಯುವ ಕಾಲ ಸೆಕೆಂಡಿನ 5,600ನೆಯ ಒಂದು ಭಾಗ ಮಾತ್ರ. ಅಷ್ಟೇ ಅಲ್ಲ, ಒಂದು ಸಾಲಿಗೆ ಬಡಿಸುವಾಗ ಅದೇ ಉದ್ದಗೆರೆಯಲ್ಲಿ ಕುಳಿತ ಬೇರೆ ಸಾಲಿನವರ ಎಲೆಗೂ ಒಂದೆರಡು ಹನಿ ಸಿಡಿಯುತ್ತದೆ. ತೆರೆಯಬೇಕಾದ ಬಾಗಿಲಿಗೂ ಮುಚ್ಚಬೇಕಾದ ಬಾಗಿಲಿಗೂ ಸರಾಸರಿಯಲ್ಲಿ ದೊರೆಯುವ ವೋಲ್ಟೇಜಿನ ಅಂತರ ಹೀಗೆ ಕಿರಿದಾಗುತ್ತದೆ.

ಎಷ್ಟು ಕಿರಿದೆಂಬುದನ್ನು 1974ರಲ್ಲಿ ಆಲ್ಟ್ ಮತ್ತು ಪ್ಲೆಷ್ಕೊ ಎಂಬ ಇಬ್ಬರು ವಿಜ್ಞಾನಿಗಳು ಗಣಿತದಿಂದ ತೋರಿಸಿಕೊಟ್ಟರು. ತೆರೆಯಲ್ಲಿ ನಾಲ್ಕೇ ಸಾಲುಗಳಿದ್ದರೆ ಎರಡು ವೋಲ್ಟೇಜುಗಳ ನಿಷ್ಪತ್ತಿ 1.73ರವರೆಗೆ ಇರಬಹುದು. 16 ಸಾಲುಗಳಾದರೆ 1.29. ಟಿ68ರಂತೆ 80 ಸಾಲುಗಳಾದರೆ 1.12. ಎಂದರೆ ಶೇಕಡ 12ರಷ್ಟು ಹೆಚ್ಚು ಕಡಿಮೆಯಾಗುವ ವೋಲ್ಟೇಜನ್ನು ಕಂಡು ದ್ರವಸ್ಫಟಿಕ 'ನಾನು ತೆರೆಯಬೇಕು' ಅಥವಾ 'ನಾನು ಮುಚ್ಚಬೇಕು' ಎಂದು ತೀರ್ಮಾನಿಸಬೇಕು!

ಕಾಲುಸುತ್ತಿನ ಸುರುಳಿಗೆ ಇಷ್ಟು ಸೂಕ್ಷ್ಮಬುದ್ಧಿಯಿಲ್ಲ. 1980ರ ದಶಕದ ಮೊದಲಲ್ಲಿ ಸ್ವಿಟ್ಸರ್ಲೆಂಡಿನ ಬ್ರೌನ್ ಬೊವೆರಿ ಸಂಸ್ಥೆಯ ಸಂಶೋಧಕರು ಸುರುಳಿಯನ್ನು ಅರ್ಧಸುತ್ತಿಗಿಂತಲೂ ಹೆಚ್ಚಾಗಿ, ಮುಕ್ಕಾಲು ಸುತ್ತಿನವರೆಗೂ, ಬಿಗಿದರೆ ಅದು ಸ್ವಲ್ಪ ವೋಲ್ಟೇಜಿನ ವ್ಯತ್ಯಾಸಕ್ಕೇ ಥಟ್ಟನೆ ಬಿಚ್ಚಿಕೊಳ್ಳುವುದೆಂದು ಕಂಡರು. ಇದೇ ಅತಿಸುರುಳಿ ಅಥವಾ ಎಸ್‌ಟಿಎನ್ ತೆರೆ. ಟಿ68 ಧರಿಸಿದ್ದು ಈ ಜಾತಿಯ ತೆರೆಯನ್ನೇ. ಅತಿಸುರುಳಿಗೆ ತನ್ನದೇ ಆದ ಹಳದಿ ಅಥವಾ ನೀಲಿ ಛಾಯೆಯೊಂದಿರುವುದರಿಂದ ಅದನ್ನು ಕಳೆಯಲು ಮತ್ತೊಂದು ಹಾಳೆಯನ್ನು ಹೊದಿಸಬೇಕಾಯಿತು. ಬೆಳಕಿನ ಮೇಲೆ ಇನ್ನೊಂದು ಸುಂಕ!

ನಿಧಾನವೇ ನೆನಪು

ಈ ಫೋನಿನ ತೆರೆಯ ಮೇಲೆ ಸಾಮಾನ್ಯವಾಗಿ ಹೊರಿಸಬಹುದಾದ ದೊಡ್ಡ ಆರೋಪ ನಿಧಾನ. ಅತಿಸುರುಳಿಯ ತೆರೆಯೊಂದು ತನ್ನ ಸ್ಥಿತಿಯನ್ನು ಬದಲಾಯಿಸಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲವನ್ನು ತೆಗೆದುಕೊಳ್ಳುವುದು ಸಾಮಾನ್ಯ. ಸಿನೆಮಾದಲ್ಲಿ ಅಷ್ಟರೊಳಗೆ ನಾಲ್ಕೈದು ಚಿತ್ರಗಳು ಸರಿದುಹೋಗಿರುತ್ತವೆ. ಹೀಗಾಗಿ ಇಂತಹ ತೆರೆಯ ಮೇಲೆ ಚೆಂಡೊಂದು ಓಡಿದರೆ ಅದರ ಹಿಂದೆ ಧೂಮಕೇತುವಿನಂತೆ ಬಾಲ ಕಾಣಿಸುತ್ತದೆ.

ಆದರೆ ದ್ರವಸ್ಫಟಿಕವನ್ನು ಚುರುಕುಗೊಳಿಸಿದರೆ ಏನಾಗುತ್ತದೆ? ಪಂಕ್ತಿಯ ಉಪಮೆಯನ್ನೇ ಮುಂದುವರಿಸೋಣ. ಬೇಗ ಬೇಗ ಉಣ್ಣುವವನ ಎಲೆ ಮುಂದಿನ ಸರದಿ ಬರುವ ಮೊದಲೇ ಬರಿದಾಗಿರುತ್ತದೆ. ಹಾಗೆಯೇ ಚುರುಕಾದ ದ್ರವಸ್ಫಟಿಕ ತನಗೆ ಸಿಕ್ಕ ಕ್ಷಣಮಾತ್ರದ ಆಜ್ಞೆಯನ್ನು ಮುಂದಿನ ಆಜ್ಞೆ ಬರುವುದರೊಳಗೆ ಮರೆತು ತನ್ನ ಹಳೆಯ ಭಂಗಿಗೆ ಹಿಂದಿರುಗುತ್ತದೆ. ತೆರೆ ಮಿನುಗುತ್ತದೆ, ಬಿಳಿಗೂ ಕಪ್ಪಿಗೂ ಇರುವ ಅಂತರ ಅಳಿಯುತ್ತದೆ. ಅದು ಆಜ್ಞೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾದರೆ ನಿಧಾನವಾಗಿಯೇ ಇರಬೇಕು. ನಿಷ್ಕ್ರಿಯ ಜಾಲದಲ್ಲಿ ನಿಧಾನವೇ ನೆನಪು. ನಾವು ದೋಷವೆಂದು ಕರೆದದ್ದು ವಾಸ್ತವವಾಗಿ ಆ ತೆರೆ ಬದುಕಿರುವುದಕ್ಕೆ ಬೇಕಾದ ಗುಣ.

ಶೇಕಡ 12ರ ಆ ಇಕ್ಕಟ್ಟಿನಿಂದ ಇನ್ನೂ ಕೆಲವು ಕಷ್ಟಗಳು ಹುಟ್ಟುತ್ತವೆ. ಒಂದು ಉದ್ದಗೆರೆಯಲ್ಲಿ ಕಪ್ಪು ಬಿಂದುಗಳು ಹೆಚ್ಚಾಗಿದ್ದರೆ ಅದರ ಮೇಲೆ ಕೆಳಗೆ ಮಸಕು ನೆರಳು ಬೀಳುತ್ತದೆ. ಉಷ್ಣತೆ ಏರಿದರೆ ಬಾಗಿಲು ಬಿಚ್ಚಲು ಬೇಕಾದ ವೋಲ್ಟೇಜು ಇಳಿಯುವುದರಿಂದ ಬಿಸಿಲಿನಲ್ಲಿಟ್ಟ ತೆರೆಯ ಛಾಯೆಯೇ ಬದಲಾಗುತ್ತದೆ. ಚಳಿಯಲ್ಲಿ ದ್ರವ ಮಂದವಾಗಿ ತೆರೆ ಮತ್ತಷ್ಟು ನಿಧಾನವಾಗುತ್ತದೆ. ಬೆಳಕು ಓರೆಯಾಗಿ ದಾಟಿದಾಗ ಸುರುಳಿಯ ಪ್ರಭಾವ ಬೇರೆಯಾಗುವುದರಿಂದ ಪಕ್ಕದಿಂದ ನೋಡುವವರಿಗೆ ಬಣ್ಣಗಳು ತಿರುಗುಮುರುಗಾಗುತ್ತವೆ.

ಬಣ್ಣಗಳ ಎಣಿಕೆಯಲ್ಲಿಯೂ ಮಿತಿಯಿದೆ. 256 ಬಣ್ಣಗಳನ್ನು ಹೇಳಲು ಎಂಟು ಬಿಟ್‌ಗಳು, ಎಂದರೆ ಒಂದು ಬೈಟ್, ಸಾಕು. ಸಾಮಾನ್ಯವಾದ ಹಂಚಿಕೆಯಲ್ಲಿ ಕೆಂಪಿಗೆ ಎಂಟು ಮೆಟ್ಟಿಲು, ಹಸುರಿಗೆ ಎಂಟು, ನೀಲಿಗೆ ನಾಲ್ಕು ಮಾತ್ರ. ಚಿಹ್ನೆಗಳಿಗೆ, ಬಾವುಟಗಳಿಗೆ ಇದು ಧಾರಾಳ. ಆದರೆ ನಸುನೀಲಿಯಿಂದ ಕಡುನೀಲಿಗೆ ಮೆಲ್ಲಗೆ ತಿರುಗುವ ಆಕಾಶವನ್ನು ನಾಲ್ಕು ಮೆಟ್ಟಿಲುಗಳಲ್ಲಿ ತೋರಿಸಹೊರಟರೆ ಪಟ್ಟೆಪಟ್ಟೆಯಾದ ಆಕಾಶ ಕಾಣುತ್ತದೆ.

ನಮ್ಮ ಲಿಪಿಯ ದೃಷ್ಟಿಯಿಂದಲೂ ಒಂದು ಮಾತು. ಇಂಗ್ಲಿಷಿನ ದೊಡ್ಡಕ್ಷರವೊಂದನ್ನು ಐದು ಬಿಂದುಗಳ ಅಗಲ, ಏಳು ಬಿಂದುಗಳ ಎತ್ತರದಲ್ಲಿ ಬರೆಯಬಹುದು. ಕನ್ನಡಕ್ಕಾದರೋ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಚೌಕಳಿ ಕಾಗದದ ಮೇಲೆ ಚುಕ್ಕೆಗಳಿಂದ ಬರೆದು ನೋಡಿದರೆ ಹದಿನಾರು, ಇಪ್ಪತ್ತು ಚುಕ್ಕೆಗಳ ಎತ್ತರ ಬೇಕಾಗುವುದು ಗೊತ್ತಾಗುತ್ತದೆ. 80 ಸಾಲುಗಳ ತೆರೆಯಲ್ಲಿ ಇಂಗ್ಲಿಷಿನ ಎಂಟೊಂಬತ್ತು ಪಂಕ್ತಿಗಳು ಹಿಡಿಸಿದರೆ ಕನ್ನಡದ ನಾಲ್ಕೋ ಐದೋ ಹಿಡಿಸಬಹುದು. ಹೆಚ್ಚು ಬಿಂದುಗಳ ತೆರೆ ನಮ್ಮ ಲಿಪಿಗಳಿಗೆ ಅಲಂಕಾರವಲ್ಲ, ಅಗತ್ಯ.

ಗುಣಗಳ ಪಕ್ಷ

ಇಷ್ಟು ದೋಷಗಳನ್ನು ಓದಿದ ವಾಚಕರು, ಇಂತಹ ಫೋನನ್ನು ಜನರು ಏತಕ್ಕೆ ಬಯಸಿದರು ಎಂದು ಕೇಳಬಹುದು. ಕಾರಣಗಳಿವೆ.

ಮೊದಲನೆಯದು, ಬಣ್ಣ ಬರಿಯ ಸೊಬಗಲ್ಲ, ಅದೊಂದು ಭಾಷೆ. ಕೆಂಪು ಬಾವುಟವನ್ನು ಕಂಡರೆ ರೈಲು ನಿಲ್ಲುತ್ತದೆ. ಅದರ ಮೇಲೆ ಬರವಣಿಗೆ ಬೇಕಿಲ್ಲ. ಚಿಕ್ಕ ತೆರೆಯಲ್ಲಿ ಪದಗಳಿಗೆ ಸ್ಥಳವಿಲ್ಲದಿರುವಾಗ ಬಣ್ಣದ ಚಿಹ್ನೆಗಳು ಒಂದೇ ನೋಟದಲ್ಲಿ ಅರ್ಥವನ್ನು ತಿಳಿಸುತ್ತವೆ. ಟಿ68ರಲ್ಲಿ ಇಂತಹ ಚಿಹ್ನೆಗಳ ನಡುವೆ ಹೆಬ್ಬೆರಳಿನಿಂದ ಸಂಚರಿಸಲು ಅತ್ತಿತ್ತ ವಾಲುವ ಚಿಕ್ಕ ಗುಂಡಿಯೊಂದಿತ್ತು.

ಎರಡನೆಯದು, ಸಂಪರ್ಕದ ಸೌಲಭ್ಯ. ಎರಿಕ್ಸನ್ ಸಂಸ್ಥೆಯ ಲುಂಡ್ ನಗರದ ಶಾಖೆಯಲ್ಲಿ 1994ರಲ್ಲಿ ಆರಂಭವಾದ ಕೆಲಸದಿಂದ ಬೆಳೆದು ಬಂದ ಬ್ಲೂಟೂತ್ ಇದರಲ್ಲಿತ್ತು. ತಂತಿಯಿಲ್ಲದೆ ಕಿವಿಯ ಉಪಕರಣದೊಡನೆ, ಕಂಪ್ಯೂಟರಿನೊಡನೆ ಮಾತನಾಡಬಲ್ಲದಾಗಿತ್ತು. ಯೂರೋಪಿನಲ್ಲಿಯೂ ಭಾರತದಲ್ಲಿಯೂ ಬಳಕೆಯಲ್ಲಿದ್ದ 900 ಮತ್ತು 1800 ಮೆಗಾಹರ್ಟ್ಸ್‌ಗಳ ಜೊತೆಗೆ ಅಮೆರಿಕದ 1900 ಮೆಗಾಹರ್ಟ್ಸ್‌ನಲ್ಲಿಯೂ ಇದು ಕೆಲಸ ಮಾಡುತ್ತಿತ್ತು. ಇವೆಲ್ಲವನ್ನೂ 84 ಗ್ರಾಂಗಳಲ್ಲಿ ಅಡಗಿಸಿದ್ದು ಸಾಮಾನ್ಯ ಸಾಧನೆಯಲ್ಲ.

ಮೂರನೆಯದು ಸ್ವಾರಸ್ಯವಾದದ್ದು. ತೆರೆ ಚಿಕ್ಕದಾಗಿದ್ದುದೇ ಒಂದು ಅನುಕೂಲವಾಯಿತು. ಆಗಿನ ಜಿಪಿಆರ್‌ಎಸ್ ಜಾಲದ ವೇಗವನ್ನು ಸೆಕೆಂಡಿಗೆ 30,000 ಬಿಟ್ ಎಂದಿಟ್ಟುಕೊಳ್ಳೋಣ. ಟಿ68ರ ತೆರೆಯನ್ನು ತುಂಬುವ ಚಿತ್ರ 8,080 ಬೈಟ್; ಕುಗ್ಗಿಸದೆ ಕಳುಹಿಸಿದರೂ ಎರಡು ಸೆಕೆಂಡು ಚಿಲ್ಲರೆ ಸಾಕು. ಅದೇ ಕಾಲದ, ಮುಂದೆ ನಾವು ಹೇಳಲಿರುವ ನೋಕಿಯ 7650ರ ತೆರೆಯನ್ನು ಹಾಗೆಯೇ ತುಂಬಬೇಕಾದರೆ ಸುಮಾರು ಹದಿನೈದು ಸೆಕೆಂಡು ಕಾಯಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಯಂತ್ರಶಿಲ್ಪಿಗಳಿಗೂ ಸಲ್ಲುತ್ತದೆ.

ಇನ್ನೊಂದು ಹಾದಿ

ಪಂಕ್ತಿಯ ಊಟದಲ್ಲಿ ಎಲೆಯ ಪಕ್ಕಕ್ಕೆ ದೊನ್ನೆಯೊಂದನ್ನು ಇಟ್ಟರೆ ಸಾರು ಅದರಲ್ಲಿ ನಿಲ್ಲುತ್ತದೆ. ಉಣ್ಣುವವನು ಎಷ್ಟು ಚುರುಕಾಗಿದ್ದರೂ ಮುಂದಿನ ಸರದಿಯವರೆಗೆ ಕೊರತೆಯಿಲ್ಲ. ತೆರೆಯ ಪ್ರತಿಯೊಂದು ಬಾಗಿಲಿಗೂ ಇಂತಹ ದೊನ್ನೆಯನ್ನು ಕೊಡಬಹುದು. ಗಾಜಿನ ಮೇಲೆಯೇ ಒಂದೊಂದು ಬಾಗಿಲಿಗೆ ಒಂದೊಂದು ಸೂಕ್ಷ್ಮ ಟ್ರಾನ್ಸಿಸ್ಟರನ್ನೂ, ವಿದ್ಯುತ್ತನ್ನು ಕೂಡಿಡುವ ಧಾರಕವನ್ನೂ ರಚಿಸಿದರಾಯಿತು. ಇದೇ ಸಕ್ರಿಯ ಜಾಲ ಅಥವಾ ಟಿಎಫ್‌ಟಿ ತೆರೆ. ಇಲ್ಲಿ ನೆನಪಿನ ಭಾರವನ್ನು ಧಾರಕ ಹೊರುವುದರಿಂದ ದ್ರವಸ್ಫಟಿಕ ಚುರುಕಾಗಿರಬಹುದು. ಎಲೆಯಿಂದೆಲೆಗೆ ಸಿಡಿಯುವ ಹನಿಗಳ ಕಾಟವೂ ಬಹುಮಟ್ಟಿಗೆ ತಪ್ಪುತ್ತದೆ.

ಫಿನ್ಲೆಂಡಿನ ನೋಕಿಯ ಸಂಸ್ಥೆ 2001ರ ನವೆಂಬರಿನಲ್ಲಿ ಪ್ರಕಟಿಸಿ 2002ರಲ್ಲಿ ಮಾರಾಟಕ್ಕೆ ತಂದ 7650 ಈ ಹಾದಿಯನ್ನು ಹಿಡಿಯಿತು. ಅದರ ತೆರೆಯಲ್ಲಿ 176 × 208, ಎಂದರೆ 36,608 ಚಿತ್ರಬಿಂದುಗಳು, 4,096 ಬಣ್ಣಗಳು, ಮೇಲಾಗಿ ಕ್ಯಾಮೆರಾ. ಎರಡು ತೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಯಾವುದು ಮೇಲೆಂಬುದರಲ್ಲಿ ಸಂದೇಹವಿರಲಾರದು. ಆದರೆ ಇಲ್ಲಿಯೂ ಬೆಲೆಯನ್ನು ತೆರಬೇಕಾಯಿತು. ತೂಕ 154 ಗ್ರಾಂ, ಟಿ68ರ ಇಮ್ಮಡಿಗೆ ಸಮೀಪ. ಒಂದು ಲಕ್ಷಕ್ಕೂ ಮಿಕ್ಕ ಟ್ರಾನ್ಸಿಸ್ಟರುಗಳು ಬಿಂದುಗಳ ನಡುವೆ ಜಾಗವನ್ನು ಆಕ್ರಮಿಸಿ ಬೆಳಕಿಗೆ ಅಡ್ಡನಿಲ್ಲುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ತೆರೆಯಲ್ಲಿ ಕಳಂಕ. ತಯಾರಿಕೆಯೂ ದುಬಾರಿ. ಅದರ ಕ್ಯಾಮೆರಾ ತೆಗೆಯುವ 640 × 480 ಬಿಂದುಗಳ ಚಿತ್ರ ತೆರೆಗಿಂತ ಎಂಟು ಪಟ್ಟು ದೊಡ್ಡದಾದುದರಿಂದ ಅದನ್ನು ಪೂರ್ಣ ವಿವರಗಳೊಡನೆ ಅದೇ ಫೋನಿನಲ್ಲಿ ಒಮ್ಮೆಗೇ ನೋಡುವಂತಿರಲಿಲ್ಲ.

ಬೆಂಗಳೂರಿನ ಕೊಡುಗೆ

ಈ ಎರಡು ಹಾದಿಗಳ ವೃತ್ತಾಂತದಲ್ಲಿಯೂ ನಮ್ಮ ಬೆಂಗಳೂರಿಗೆ ಸ್ಥಾನವಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಅಗ್ಗವಾದ ನಿಷ್ಕ್ರಿಯ ಜಾಲವನ್ನೇ ಉಳಿಸಿಕೊಂಡು ಅದರ ದೋಷಗಳನ್ನು ಕಳೆಯಲಾಗದೇ ಎಂಬ ಪ್ರಶ್ನೆಯನ್ನು ಅಲ್ಲಿಯ ರಾಮನ್ ಸಂಶೋಧನ ಸಂಸ್ಥೆಯ ಟಿ. ಎನ್. ರುಕ್ಮಾಂಗದನ್ ಎತ್ತಿಕೊಂಡರು. ಸಾಲುಗಳನ್ನು ಒಂದೊಂದಾಗಿ ಕರೆಯುವುದಕ್ಕೆ ಬದಲು ಹಲವು ಸಾಲುಗಳನ್ನು ಒಟ್ಟಿಗೆ ಕರೆದು, ಗಣಿತದ ಉಪಾಯದಿಂದ ಪ್ರತಿಯೊಂದಕ್ಕೂ ಅದರದರ ಪಾಲನ್ನು ಹಂಚುವ ವಿಧಾನವನ್ನು ಅವರು 1988ರಲ್ಲಿ ಮಂಡಿಸಿದರು. ಹೀಗೆ ಮಾಡಿದರೆ ಒಂದೊಂದು ಸಾಲಿಗೂ ಒಂದೇ ದೊಡ್ಡ ಬಡಿತಕ್ಕೆ ಬದಲು ಸಣ್ಣ ಸಣ್ಣ ಬಡಿತಗಳು ಪದೇ ಪದೇ ದೊರೆಯುತ್ತವೆ. ಚುರುಕಾದ ದ್ರವಸ್ಫಟಿಕಕ್ಕೂ ಮರೆಯಲು ಅವಕಾಶವಾಗುವುದಿಲ್ಲ.

ಅದೇ ಸಂಸ್ಥೆಯಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಇವರು ಕಡ್ಡಿಯಾಕಾರದವಲ್ಲದ, ಬಿಲ್ಲೆಯಾಕಾರದ ಅಣುಗಳು ನಾಣ್ಯಗಳ ಕಂಬದಂತೆ ಒಂದರ ಮೇಲೊಂದು ಜೋಡಿಸಿಕೊಂಡು ದ್ರವಸ್ಫಟಿಕವಾಗುವುದನ್ನು ಮೊದಲ ಬಾರಿಗೆ ತೋರಿಸಿದರು. ಆಗ ಅದು ಶುದ್ಧ ವಿಜ್ಞಾನದ ಸಂಗತಿ. ಮುಂದೆ 1990ರ ದಶಕದಲ್ಲಿ ಬಿಲ್ಲೆಯಾಕಾರದ ಅಣುಗಳನ್ನು ಲೇಪಿಸಿದ ಹಾಳೆಗಳು ಟಿಎಫ್‌ಟಿ ತೆರೆಗಳನ್ನು ಪಕ್ಕದಿಂದ ನೋಡಿದಾಗ ಬಣ್ಣ ಕೆಡುವ ದೋಷವನ್ನು ತಗ್ಗಿಸಲು ಬಳಕೆಗೆ ಬಂದುವು.

ತೂಗಿ ನೋಡಿದರೆ

ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದಿದೆ. ಟಿ68 ಈಗ ಸಂಗ್ರಾಹಕರ ವಸ್ತು. ಫೋನುಗಳಲ್ಲಿ ನಿಷ್ಕ್ರಿಯ ಜಾಲದ ಬಣ್ಣದ ತೆರೆಗಳು ಮರೆಯಾಗಿವೆ. ತಾವೇ ಬೆಳಗುವ ಬಿಂದುಗಳ ತೆರೆಗಳೂ ಬಂದಿವೆ. ಆದರೂ ನಡುಹಗಲಿನಲ್ಲಿ ನಾವು ಅಂಗೈಯನ್ನು ಮರೆಹಿಡಿಯುತ್ತಲೇ ಇದ್ದೇವೆ, ಸಂಜೆಯಾದೊಡನೆ ಬ್ಯಾಟರಿಯ ಚಿಂತೆಯನ್ನು ಮಾಡುತ್ತಲೇ ಇದ್ದೇವೆ. ಫೋನು ತಾನೇ ಬೆಳಕನ್ನು ಕೊಡಬೇಕಾಗಿರುವ ತನಕ ಅದು ಸೂರ್ಯನೊಡನೆ ಸ್ಪರ್ಧಿಸಬೇಕು. ಸ್ಪರ್ಧೆಯ ವೆಚ್ಚವನ್ನು ಬ್ಯಾಟರಿ ಭರಿಸಬೇಕು.

ವಾಚಕರು ತಾವೇ ಎರಡು ಪ್ರಯೋಗಗಳನ್ನು ಮಾಡಿ ನೋಡಬಹುದು. ಸೂಜಿಯ ತುದಿಯಿಂದ ಅತಿ ಚಿಕ್ಕದೊಂದು ನೀರಿನ ಹನಿಯನ್ನು ಫೋನಿನ ತೆರೆಯ ನಡುವೆ ಇಟ್ಟು ಬಿಳಿಯ ಹಿನ್ನೆಲೆಯನ್ನು ತೋರಿಸಿರಿ. ಹನಿ ಮಸೂರದಂತೆ ವರ್ತಿಸಿ ಕೆಂಪು, ಹಸುರು, ನೀಲಿಯ ಕಣಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಧ್ರುವಕ ಗಾಜಿನ ತಂಪು ಕನ್ನಡಕದ ಮೂಲಕ ಕ್ಯಾಲ್ಕುಲೇಟರನ್ನು ನೋಡುತ್ತ ಕನ್ನಡಕವನ್ನು ಮೆಲ್ಲಗೆ ತಿರುಗಿಸಿರಿ. ಒಂದು ಕೋನದಲ್ಲಿ ಇಡಿಯ ತೆರೆ ಕಪ್ಪಾಗುತ್ತದೆ. ಮೇಲೆ ಹೇಳಿದ ಶೋಧಕಗಳೂ ಧ್ರುವಕಗಳೂ ಆಗ ಬರಿಯ ಮಾತಾಗಿ ಉಳಿಯುವುದಿಲ್ಲ.

ಒಂದು ಯಂತ್ರವನ್ನು 'ಒಳ್ಳೆಯದು', 'ಕೆಟ್ಟದ್ದು' ಎಂದು ಬೇಗ ತೀರ್ಮಾನಿಸಿಬಿಡುವುದು ಸುಲಭ. ಟಿ68ರ ಮಾಸಲು ಬಣ್ಣ, ನಿಧಾನ, ಚಿಕ್ಕ ತೆರೆ, ಇವುಗಳನ್ನು ದೋಷಗಳೆಂದು ಎಣಿಸುವುದು ಸರಿಯೇ. ಆದರೆ ಮಾಸಲು ಬಣ್ಣದಿಂದ ಬೆಳಕು ಉಳಿಯಿತು. ನಿಧಾನದಿಂದ ಚಿತ್ರ ನಿಂತಿತು. ಚಿಕ್ಕ ತೆರೆಯಿಂದ ತೂಕವೂ ಬ್ಯಾಟರಿಯೂ ಉಳಿದುವು. ಯಾವುದೇ ಯಂತ್ರದಲ್ಲಿ ದೋಷವೊಂದನ್ನು ಕಂಡಾಗ, ಇದನ್ನು ತೆತ್ತು ಏನನ್ನು ಕೊಂಡರು ಎಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ಅಭ್ಯಾಸ.